ಹುಲ್ಲಿನ ಮಾತು ಅಣ್ಣನ ಪಾಲು

ಅಣ್ಣ ಹಾಲ್ವರ್ ತೀರಿಕೊಂಡ ಸುದ್ದಿ ಬಂದಾಗ ಆರ್ಡಿಸ್ ಟ್ವೀಟೆನ್ ಬೆಂಕಿಯ ಮುಂದೆ ನಿಂತಿದ್ದರು. ಹೊಸ ಚಿಗುರು ಬರಲೆಂದು ಏಪ್ರಿಲ್‌ನಲ್ಲಿ ಹುಲ್ಲುಗಾವಲಿನ ಒಣಹುಲ್ಲು ಸುಡುವ ದಿನ ಅದು. ಆಸ್ಪತ್ರೆಯ ಮಾತನ್ನು ಮುಸುಕಿನ ಜೋಳ ಬೆಳೆಯುವ ನೆರೆಯ ರೈತ ಡೆಲ್ಮರ್ ತಂದು ಮುಟ್ಟಿಸಿದರು. ಹಚ್ಚಿದ ಬೆಂಕಿಯನ್ನು ನಡುವೆ ಬಿಟ್ಟು ಹೋಗುವಂತಿಲ್ಲ. ಕೊನೆಯ ಕಿಡಿ ಆರುವವರೆಗೆ ಆರ್ಡಿಸ್ ಕದಲಲಿಲ್ಲ.

ಈಗ ಆಗಸ್ಟ್. ಶನಿವಾರದ ನಸುಕು. ಅಮೆರಿಕದ ಅಯೋವಾದ ಈ ನಲವತ್ತು ಎಕರೆ ಹುಲ್ಲುಗಾವಲಿನ ಗೇಟು ತೆರೆದು ಎಪ್ಪತ್ತೆರಡರ ಆರ್ಡಿಸ್ ಕಾಯುತ್ತಿದ್ದಾರೆ. ಒಂದು ಕಾಲಕ್ಕೆ ಇದೂ ಮುಸುಕಿನ ಜೋಳದ ಹೊಲವೇ. ಮದುವೆಯಾಗದ ಅಣ್ಣ ತಂಗಿ, ಹಳೆಯ ಸಮಾಧಿಗಳ ನಡುವೆ, ರೈಲುಹಳಿಯ ಅಂಚಿನಲ್ಲಿ ಉಳಿದಿದ್ದ ಗಿಡಗಳ ಬೀಜ ಆರಿಸಿ ತಂದರು. ಇಪ್ಪತ್ತೆರಡು ವರ್ಷಗಳಲ್ಲಿ ಈ ನೆಲದ್ದೇ ಆದ ನೂರ ಅರವತ್ತು ಬಗೆಯ ಗಿಡಗಳು ಮರಳಿ ಬಂದವು. ಬಂದವರನ್ನು ಸುತ್ತಾಡಿಸುವಾಗ ಒಂದು ಕಟ್ಟಳೆಯಿತ್ತು: ಹೂವಿನ ಮಾತು ತಂಗಿಯದು, ಹುಲ್ಲಿನ ಮಾತು ಅಣ್ಣನದು. ಒಬ್ಬರ ಪಾಲಿಗೆ ಇನ್ನೊಬ್ಬರು ಬಾಯಿ ಹಾಕುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಯಾರು ಹುಲ್ಲಿನ ಹೆಸರು ಕೇಳಿದರೂ ಆರ್ಡಿಸ್ “ಗೊತ್ತಿಲ್ಲ” ಎನ್ನುತ್ತಾರೆ. ಇಪ್ಪತ್ತು ಜನ ಸೇರುತ್ತಿದ್ದ ನಡಿಗೆಗೆ ಇಂದು ಇಬ್ಬರೇ: ಡೆಲ್ಮರ್, ಮತ್ತು ಶಾಲಾ ಶಿಕ್ಷಕಿ ಜೋಲೀನ್. ಮಕ್ಕಳನ್ನು ಇಲ್ಲಿಗೆ ಕರೆತರಬಹುದೇ ಎಂದು ನೋಡಿ ಹೋಗಲು ಜೋಲೀನ್ ಬಂದಿದ್ದಾರೆ. ಅವರೂ ಬೇಡವೆಂದರೆ ಈ ನಡಿಗೆ ನಿಂತಂತೆಯೇ.

ತಿರುವಿನಲ್ಲಿ ಜೋಲೀನ್ ಮೂಗರಳಿಸುತ್ತಾರೆ. “ಇದೇನ್ರೀ, ಕೊತ್ತಂಬರಿ ವಾಸನೆ? ಈ ಹುಲ್ಲಿಂದಾನಾ?”

“ಹೂವಿನ ಬಗ್ಗೆ ಕೇಳಿ. ಹುಲ್ಲು ನಂಗೊತ್ತಿಲ್ಲ.”

ಡೆಲ್ಮರ್ ಬಿಡುವುದಿಲ್ಲ. “ಏನಮ್ಮಾ ಆರ್ಡಿಸ್, ಭಾನುವಾರ ಚರ್ಚಲ್ಲಿ ಮುಂದಿನ ಬೆಂಚು, ಶನಿವಾರ ಬೆಳಿಗ್ಗೆನೇ ಸುಳ್ಳಾ? ಕಳೆ ಬೆಳೆಯೋರು ಅಂತ ನಿಮ್ಮನ್ನ ಆಡ್ಕೊಳ್ತಿದ್ದ ನಂಗೇ ಬಾಯಿಪಾಠ ಆಗೋಗಿದೆ. ನಾನೇ ಹೇಳ್ಲಾ?”

“ನೀನು ಸುಮ್ನಿರು. ನಿನ್ ಬಾಯಲ್ಲಿ ಎಲ್ಲಾ ಜೋಳಾನೇ ಆಗುತ್ತೆ.”

ಜೋಲೀನ್ ನಗುತ್ತಾರೆ. ಆರ್ಡಿಸ್ ತೆನೆಯೊಂದನ್ನು ಬೆರಳ ನಡುವೆ ಉಜ್ಜಿ ಮೂಸುತ್ತಾರೆ.

“ಗೊತ್ತಿದೆ. ನಾನು ಹೇಳ್ಬಿಟ್ರೆ ಅವ್ನಿಲ್ಲ ಅಂತ ಆಗೋಗುತ್ತಲ್ಲ, ಅದಕ್ಕೇ... ವಾಸನೆ ಇದರದ್ದೇ. ಇದರ ಹೆಸರೇ ಬೀಜ ಉದುರೋ ಹುಲ್ಲು. ಕಾಳು ಕಟ್ಟಿದ್ರೆ ಸಾಕು, ನೆಲಕ್ಕೆ ಬಿಟ್ಬಿಡುತ್ತೆ. ಅಣ್ಣ ಮಂಡಿಯೂರಿ ಆರಿಸ್ತಿದ್ದ.” ಜೋಲೀನ್ ಕಡೆ ತಿರುಗಿ, “ಮಕ್ಕಳನ್ನ ಕರ್ಕೊಂಡ್ಬನ್ನಿ, ಟೀಚರ್. ಎಲ್ಲಾ ಹುಲ್ಲಿನ ಹೆಸರೂ ಹೇಳ್ತೀನಿ. ಹೇಳಿಕೊಟ್ಟೋನು ಹಾಲ್ವರ್ ಅಂತ ಅವ್ರಿಗೆ ಗೊತ್ತಾದ್ರೆ ಸಾಕು” ಎನ್ನುತ್ತಾರೆ.

ಜೋಲೀನ್ ಹಾಲ್ವರ್ ಎಂಬ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಇಬ್ಬರೂ ಮುಂದೆ ಹೋದ ಮೇಲೆ ಆರ್ಡಿಸ್ ಒಬ್ಬರೇ ಉಳಿಯುತ್ತಾರೆ. ಸದಾ ಅವರ ಹಿಂದೆ ಬರುತ್ತಿದ್ದ ಅಣ್ಣನ ಹೆಜ್ಜೆ ಈಗ ಇಲ್ಲ.

ಕರ್ತನೇ, ಹಾಲ್ವರನ ಆತ್ಮಕ್ಕೆ ಶಾಂತಿ ಕೊಡು. ದಣಿದ ಜೀವ ಅದು; ನಿನ್ನ ಸನ್ನಿಧಿಯಲ್ಲಿ ಸುಖವಾಗಿ ವಿಶ್ರಮಿಸಲಿ.