ಫೋಟೋದಲ್ಲಿದ್ದ ವರ

ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಪ್ರಸನ್ನಕುಮಾರನದೊಂದು ಸ್ಟುಡಿಯೋ. ಮಗಳಿಗೆ ಗಂಡು ಹುಡುಕುವ ತಾಯಂದಿರು ದೇವಸ್ಥಾನಕ್ಕಿಂತ ಮೊದಲು ಅಲ್ಲಿಗೆ ಹೋಗುತ್ತಿದ್ದರು.

ಎರಡು ಸಾವಿರದ ಆರನೇ ಇಸವಿ. ಅವನ ಕಂಪ್ಯೂಟರಿನಲ್ಲಿ ಎರಡು ಸಾಫ್ಟ್‌ವೇರ್ ಇದ್ದವು. ಒಂದು ಫೋಟೋಗಳನ್ನು ಜೋಡಿಸಿಡುವ ಆಲ್ಬಮ್ಮು, ಇನ್ನೊಂದು ತಿದ್ದುವುದು. ಆಲ್ಬಮ್ಮಿನಲ್ಲಿ ಆರಿಸಿದ ಫೋಟೋ ಇನ್ನೊಂದರಲ್ಲಿ ತೆರೆದುಕೊಳ್ಳುತ್ತಿತ್ತು. ತಿದ್ದಿ ಸೇವ್ ಮಾಡಿದರೆ ಹೊಸ ಪ್ರತಿ ಬಂದು ಅಸಲಿನ ಪಕ್ಕದಲ್ಲೇ ಕೂರುತ್ತಿತ್ತು. ಅಸಲಿಗೆ ಒಂದು ಗೀರೂ ಇಲ್ಲ. ಕಪ್ಪು ಹುಡುಗಿಯ ಪಕ್ಕ ಅವಳೇ ಬೆಳ್ಳಗೆ, ಉಬ್ಬುಹಲ್ಲಿನವನ ಪಕ್ಕ ಅವನೇ ಬಾಯಿ ಮುಚ್ಚಿಕೊಂಡು. ಅರ್ಧ ಶಿವಮೊಗ್ಗ ಹೀಗೆ ಜೋಡಿಜೋಡಿಯಾಗಿ ಕೂತಿತ್ತು.

ಇದು ಮೋಸವಲ್ಲವೇ ಎಂದವರಿಗೆ ಉತ್ತರ ಸಿದ್ಧವಿತ್ತು: "ಫೋಟೋ ಬಾಗಿಲ ತನಕ ಕರ್ಕೊಂಡು ಬರುತ್ತೆ ಮಾರಾಯ, ಒಳಗೆ ಬಂದ್ಮೇಲೆ ಅವರವರ ಹಣೆಬರಹ." ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಇವನು ಒಂದೇ ಸುಳ್ಳಿನಲ್ಲಿ ಮುಗಿಸುತ್ತಿದ್ದ, ಪಾಪ.

ಅವನದೇ ಮದುವೆ ಮಾತ್ರ ಮೂವತ್ತಾರಾದರೂ ಆಗಿರಲಿಲ್ಲ. ನೆತ್ತಿ ಬೋಳಾಗಿತ್ತು. ಮೂರು ಮನೆಯಲ್ಲಿ ಉಪ್ಪಿಟ್ಟು ತಿಂದು ಬಂದಿದ್ದ, ಮೂರೂ ಕಡೆಯಿಂದ ಸುದ್ದಿಯಿಲ್ಲ. ಭದ್ರಾವತಿಯ ಹೈಸ್ಕೂಲ್ ಟೀಚರ್ ರಶ್ಮಿಯ ಮನೆಯವರು ಫೋಟೋ ಕೇಳಿದಾಗ, ಇದೂ ತಪ್ಪಿದರೆ ಇನ್ನಿಲ್ಲ ಎಂದು ಅಮ್ಮ ಜಗದಾಂಬಾ ಕಣ್ಣೀರಿಟ್ಟರು.

ಪ್ರಸನ್ನ ತನ್ನ ಇಪ್ಪತ್ತನಾಲ್ಕನೇ ವಯಸ್ಸಿನ ಫೋಟೋದಿಂದ ಕೂದಲು ಎತ್ತಿ ಈಗಿನ ತಲೆಗೆ ಕೂರಿಸಿದ. ಕದ್ದದ್ದಲ್ಲ, ತನ್ನದೇ ಕೂದಲು. ಆದರೂ ನಾಚಿಕೆ. ದಲ್ಲಾಳಿ ಹಾಲಸ್ವಾಮಿ ಬಾಗಿಲಲ್ಲಿ ಸ್ಕೂಟರ್ ಆರಿಸದೆ ನಿಂತಿದ್ದರು. ಗಡಿಬಿಡಿಯಲ್ಲಿ ಆಲ್ಬಮ್ಮಿನಿಂದಲೇ ಪ್ರಿಂಟ್ ಕೊಟ್ಟು, ಬಂದ ಫೋಟೋವನ್ನು ಮಗುಚಿ ಹಿಡಿದೇ ಕವರಿಗೆ ಹಾಕಿ ಅಂಟಿಸಿದ.

ವಾರದಲ್ಲಿ ಹುಡುಗಿ ಒಪ್ಪಿದ್ದಾಳೆ, ಬಂದು ನೋಡಿ ಎಂಬ ಸುದ್ದಿ ಬಂತು. ಖುಷಿಯ ಹಿಂದೆಯೇ ದಿಗಿಲು. ಫೋಟೋದ ತಲೆ ಒಂದು, ಹೋಗುವ ತಲೆ ಇನ್ನೊಂದು. ಕೊನೆಗೆ ಫೋಟೋಗೆ ಹೊಂದುವಂಥ ವಿಗ್ ತರಿಸಿದ. ಭಾನುವಾರ ಬಸ್ಸಿನ ಗಾಳಿಗೆ ಹೆದರಿ ಭದ್ರಾವತಿ ತನಕ ತಲೆ ಮೇಲೆ ಕೈ ಇಟ್ಟೇ ಕೂತ. ಒಳ್ಳೆ ಕೆಲಸಕ್ಕೆ ಹೊರಟಾಗ ತಲೆ ಮೇಲೆ ಕೈ ಹೊರುತ್ತಾರೇನೋ ಎಂದು ಅಮ್ಮ ಬೈದರು.

ರಶ್ಮಿಯ ತಂದೆ ಷಡಕ್ಷರಪ್ಪ, ಕಾರ್ಖಾನೆಯಿಂದ ನಿವೃತ್ತರಾದವರು, ಪ್ರಸನ್ನನನ್ನು ಕೂರಿಸಿ ಮತ್ತೆ ಬಾಗಿಲ ಕಡೆ ನೋಡಿದರು.

"ಹುಡುಗ ಮುಂದಿನ ಬಸ್ಸಿಗೆ ಬರ್ತಾರೇನಮ್ಮ?"

ಇವನೇ ಹುಡುಗ ಎಂದರು ಜಗದಾಂಬಾ. ಷಡಕ್ಷರಪ್ಪ ಜೇಬಿನಿಂದ ಫೋಟೋ ತೆಗೆದು ಟೀಪಾಯಿಯ ಮೇಲಿಟ್ಟರು. ಅದರಲ್ಲಿ ಬೋಳುನೆತ್ತಿಯ ಪ್ರಸನ್ನಕುಮಾರ ನಗುತ್ತಿದ್ದ. ತಿದ್ದಿದ ಪ್ರತಿಯ ಬದಲು ಪಕ್ಕದ ಅಸಲನ್ನು ಒತ್ತಿದ್ದು ಅವನಿಗೆ ಆಗ ಹೊಳೆಯಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಿಗೆ ಬಿದ್ದಿತ್ತು.

ಕಾಫಿ ತಂದ ರಶ್ಮಿ ಅವನ ತಲೆಯನ್ನೂ ಫೋಟೋವನ್ನೂ ನೋಡಿದಳು. "ಹೆಣ್ಣು ನೋಡೋಕೆ ಹೊರಟೋರು ಬೋಳುತಲೆ ಮುಚ್ಚಿಡದೆ ಫೋಟೋ ಕಳಿಸಿದ್ದಾರಲ್ಲ, ಮನುಷ್ಯ ನಿಜದವರು ಅಂತ ಹೂಂ ಅಂದಿದ್ದೆ," ಎಂದಳು.

ತಮಾಷೆಗೆ ಹಾಕಿಕೊಂಡೆ ಎಂದುಬಿಟ್ಟರೆ ಬಚಾವಾಗಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವಳ ಮುಖ ನೋಡಿದವನಿಗೆ ಅಳು ಬಂದಂತಾಯಿತು. ವಿಗ್ ತೆಗೆದು ಫೋಟೋದ ಪಕ್ಕದಲ್ಲಿಟ್ಟ.

"ಕೂದಲಿರೋದೇ ಕಳಿಸಬೇಕು ಅಂತಿದ್ದೆ ರೀ. ಇದು ಕೈತಪ್ಪಿ ಬಂತು."

ಜಗದಾಂಬಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಷಡಕ್ಷರಪ್ಪ ಫೋಟೋ ಎತ್ತಿ ಅವನ ನೆತ್ತಿಯ ಪಕ್ಕ ಹಿಡಿದು ತಾಳೆ ನೋಡಿದರು.

"ಫೋಟೋದ್ದು ಕೈತಪ್ಪಿ ಬಂದ ನಿಜ," ಎಂದಳು ರಶ್ಮಿ. "ಈಗ ಹೇಳಿದ್ದು?"

"ಇದು ಬೇಕು ಅಂತಲೇ ಹೇಳಿದ್ದು."

ಅವಳು ಟೀಪಾಯಿಯ ಮೇಲಿದ್ದ ವಿಗ್ಗನ್ನು ಒಂದು ಬೆರಳಿನಲ್ಲಿ ಆಚೆ ಸರಿಸಿ, ಆ ಜಾಗದಲ್ಲಿ ಕಾಫಿ ಲೋಟ ಇಟ್ಟಳು.