ಮುಚ್ಚಳ ಕೂರದ ಭರಣಿ

ಚಿದ್ರಿಯ ನಮ್ಮ ಓಣಿಯಲ್ಲಿ ಈ ವಾರ ನಲ್ಲಿ ಪೈಪಿಗೆಂದು ನೆಲ ಅಗೆದರು. ಒಳಗಿನ ಕೆಂಪು ಮಣ್ಣು ಮೇಲೆ ಬಂತು, ಅದರ ಮೇಲೊಂದು ಸಣ್ಣ ಮಳೆಯೂ ಬಿತ್ತು. ಬಾಗಿಲಲ್ಲಿ ಮೆಂತ್ಯೆಪಲ್ಯದ ಕಡ್ಡಿ ಬಿಡಿಸಿ ಸೋಸುತ್ತ ಕೂತಿದ್ದವಳ ಮೂಗಿಗೆ ಆ ವಾಸನೆ ಹತ್ತಿದ್ದೇ ತಡ, ಕೈ ನಿಂತುಬಿಟ್ಟಿತು. ಎದುರು ಮನೆಯ ಖಾಲಾ ಬಂದು ಪಕ್ಕದಲ್ಲಿ ಕೂತಂತಾಯಿತು… ಅವರ ಸೆರಗಿನಿಂದ ಸದಾ ಇದೇ ವಾಸನೆ ಬರುತ್ತಿತ್ತು.

ನಾನು ಮೆಹಕರದಿಂದ ಸೊಸೆಯಾಗಿ ಈ ಓಣಿಗೆ ಬಂದಾಗ ಖಾಲಾ ನಡುವಯಸ್ಸಿನವರು. ಅವರ ಗಂಡ ಮಣ್ಣಿನ ಭರಣಿ ಮಾಡುತ್ತಿದ್ದರು. ಓಣಿಗೆಲ್ಲ ಅವರು ಚಾಚಾ. ಉಪ್ಪಿನಕಾಯಿ ಕಾಲ ಬಂತೆಂದರೆ ಭಾಲ್ಕಿ, ಔರಾದ ಕಡೆಯವರೂ ಹುಡುಕಿಕೊಂಡು ಬರುತ್ತಿದ್ದರು. ತಿಗರಿಯ ಚಕ್ರ ತಿರುಗಿಸಿ ಭರಣಿ ಎತ್ತುವುದು ಚಾಚಾ, ಅದಕ್ಕೆ ಮೆರುಗು ಹಾಕುವುದು ಖಾಲಾ. ಮೆರುಗಿನ ನೀರಲ್ಲಿ ಅದ್ದಿ ತೆಗೆದು, ಮುಚ್ಚಳ ಕೂರುವ ಅಂಚನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸುವರು. ಒರೆಸದಿದ್ದರೆ ಆವಿಗೆಯ ಬೆಂಕಿಯಲ್ಲಿ ಮುಚ್ಚಳವೂ ಅಂಚೂ ಅಂಟಿಕೊಂಡು ಭರಣಿ ಕೆಲಸಕ್ಕೆ ಬಾರದಾಗುತ್ತದೆ. ತಿಗರಿಯನ್ನು ಮಾತ್ರ ಆ ಮನೆಯ ಹೆಂಗಸರು ಮುಟ್ಟುತ್ತಿರಲಿಲ್ಲ.

ಚಾಚಾ ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಭರಣಿ, ಮುಚ್ಚಳ ಎರಡೂ ಒಂದೇ ಮುದ್ದೆಯಿಂದ, ನಡುವೆ ಏಳದೆ ಆಗಬೇಕು. ಮಣ್ಣು ಒಣಗುತ್ತ ಕುಗ್ಗುತ್ತದೆ. ಜೊತೆಗೇ ಒಣಗಿದರೆ ಜೊತೆಗೇ ಕುಗ್ಗಿ ಸರಿಯಾಗಿ ಕೂರುತ್ತವೆ. ಒಂದು ಶುಕ್ರವಾರ ಮಾತ್ರ ಭರಣಿ ಎತ್ತುವುದರೊಳಗೆ ಹೊತ್ತಾಗಿಬಿಟ್ಟಿತು. "ನಮಾಜ್ ಮುಗಿಸಿ ಬಂದು ಮುಚ್ಚಳ ಮಾಡ್ತೇನಿ," ಎಂದು ಕೈ ತೊಳೆದುಕೊಂಡು ಹೋದವರು ಮಸೀದಿಯಲ್ಲೇ ಕುಸಿದರು. ಮನೆಗೆ ಹೊತ್ತು ತಂದಾಗ ಅಂಗಳದಲ್ಲಿ ಭರಣಿ ಇನ್ನೂ ಹಸಿಯಾಗಿತ್ತು…

ಆಮೇಲೆ ಖಾಲಾ ಬೇರೆಯವರ ಭರಣಿಗಳಿಗೆ ಮೆರುಗು ಹಾಕಿಕೊಟ್ಟು ಬದುಕಿದರು. ಚಾಚಾನ ಆ ಕೊನೆಯ ಭರಣಿಯನ್ನೂ ಆ ಕುಂಬಾರರ ಆವಿಗೆಯಲ್ಲೇ ಸುಡಿಸಿಕೊಂಡು ಬಂದರು. ಒಂದು ದಿನ ಹೋಗಿ ನೋಡುತ್ತೇನೆ, ಖಾಲಾ ತಿಗರಿಯ ಮುಂದೆ ಕೂತಿದ್ದಾರೆ!

"ಖಾಲಾ, ನೀವು ತಿಗರಿ ಮುಟ್ಟಂಗಿಲ್ಲಲ್ರಿ?"

"ಮುಟ್ಟಬಾರದು ಬೇಟಿ. ಆದ್ರ ಅವರು ಹೋಗ್ಯಾರೆಲ್ಲಿ? ಮುಚ್ಚಳ ಮಾಡ್ತೇನಂತ ಮಾತು ಕೊಟ್ಟಾರ. ಅದು ಆಗೋ ತನಕ ಇಲ್ಲೇ ತಿರಗತಾರ ಪಾಪ."

ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡೆ. ಆದರೆ ಒಂದು ಮಟಮಟ ಮಧ್ಯಾಹ್ನ ನಾವಿಬ್ಬರೂ ನಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದೆವು. ಎದುರು ಮನೆಗೆ ಬೀಗ. ಒಳಗೆ ತಿಗರಿ ತಿರುಗುವ ಸದ್ದು ಕೇಳಿಸಿತು. ನಾನು ಮೊರ ಕೆಳಗಿಟ್ಟೆ. ಖಾಲಾ ತಲೆಯನ್ನೂ ಎತ್ತಲಿಲ್ಲ. "ಮುಚ್ಚಳ ಹುಡುಕ್ಲತ್ತಾರ," ಎಂದರು ಅಷ್ಟೆ. ಗಾಳಿ ಇದ್ದೀತು, ಇಲಿ ಇದ್ದೀತು, ಇವತ್ತಿಗೂ ನನಗೆ ಗೊತ್ತಿಲ್ಲ.

ಅಂದಿನಿಂದ ಆ ಮುಚ್ಚಳ ಒಮ್ಮೆ ಆಗಿಹೋಗಲಿ ಎಂದು ನಾನೂ ಕಂಡ ದೇವರಿಗೆಲ್ಲ ಕೈಮುಗಿದೆ. ಸುಲಭವಿರಲಿಲ್ಲ. ಸುಟ್ಟು ಗಟ್ಟಿಯಾದ ಭರಣಿಗೆ ಹಸಿ ಮಣ್ಣಿನಲ್ಲಿ ಅಳತೆ ಹಿಡಿಯಬೇಕು, ಅದೂ ಕಲಿಯದ ಕೈ. ಒಂದು ಸಡಿಲ, ಒಂದು ಬಿಗಿ, ಒಂದು ಸೊಟ್ಟ. ಕೂರದ ಮುಚ್ಚಳಗಳೆಲ್ಲ ನಮ್ಮ ಪಾಲಿಗೆ. ಓಣಿಯಲ್ಲಿ ಮುಚ್ಚಳವಿಲ್ಲದ ಗಡಿಗೆಯೇ ಇರಲಿಲ್ಲ, ಆ ಒಂದು ಭರಣಿ ಬಿಟ್ಟು.

ಕೊನೆಗೊಂದು ಬೇಸಿಗೆ, ಆವಿಗೆಯಿಂದ ಬಂದ ಮುಚ್ಚಳವನ್ನು ಖಾಲಾ ಭರಣಿಯ ಮೇಲಿಟ್ಟು ಮೆಲ್ಲಗೆ ತಿರುಗಿಸಿದರು. ಕೂತಿತು. ಅಲುಗಾಡಲಿಲ್ಲ, ಅಂಚಿನಲ್ಲಿ ಉಗುರು ಹೋಗಲಿಲ್ಲ.

"ಕೂತ್ತು ನೋಡ್ರಿ ಖಾಲಾ!" ಎಂದು ನಾನು ಕುಣಿದಾಡಿದೆ.

ಖಾಲಾ ಅಂಗಳವನ್ನೆಲ್ಲ ಒಮ್ಮೆ ನೋಡಿದರು, ಯಾರೋ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದಾರೆ, ಅವರನ್ನು ತಡೆಯಬೇಕು ಎನ್ನುವಂತೆ. ಮುಚ್ಚಳ ತೆಗೆದರು. ತಲೆಬಾಗಿಲ ಕಲ್ಲಿಗೆ ಕುಟ್ಟಿ ಎರಡು ಹೋಳು ಮಾಡಿದರು.

"ಯಾಕ ಖಾಲಾ! ಯಾಕ ಹಿಂಗ ಮಾಡಿದ್ರಿ?"

"ಇದು ಕೂತ್ರ ಅವರು ಹೋಗಿಬಿಡ್ತಾರ ಬೇಟಿ… ನಾ ಒಬ್ಬಾಕಿ ಏನ್ ಮಾಡ್ಲಿ?"

ಆವತ್ತು ಅವರನ್ನು ಹಿಡಿದುಕೊಂಡು ನಾನೂ ಅತ್ತೆ. ಮುಂದೆ ಸಾಯುವ ತನಕ ಖಾಲಾ ಮುಚ್ಚಳ ಮಾಡುವುದನ್ನು ಬಿಡಲಿಲ್ಲ. ಅಳತೆ ಕೈಗೆ ಹತ್ತಿತ್ತಲ್ಲ, ಈಗ ಬೇಕೆಂತಲೇ ಕೂದಲೆಳೆಯಷ್ಟು ತಪ್ಪಿಸುತ್ತಿದ್ದರು. ಕೆಲಸ ಕೆಡಿಸಲು ಇಷ್ಟು ಕಷ್ಟಪಟ್ಟವರನ್ನು ನಾನು ಬೇರೆ ನೋಡಿಲ್ಲ.

ಅವರು ಹೋಗಿ ವರ್ಷಗಳಾದವು. ಆ ಮನೆ ಕೆಡವಿ ಮೊಬೈಲ್ ಅಂಗಡಿ ಕಟ್ಟಿದ್ದಾರೆ. ಭರಣಿ ನನ್ನ ಅಡುಗೆಮನೆಯಲ್ಲಿದೆ, ಖಾಲಿ. ಒಳಗೆ ಕೈ ಹಾಕಿದರೆ ಚಾಚಾನ ಬೆರಳು ಓಡಿದ ಗೆರೆಗಳು ಕೈಗೆ ಸಿಗುತ್ತವೆ. ಮೊನ್ನೆ ಸೊಸೆ ಅದರ ಮೇಲೆ ಸ್ಟೀಲಿನ ತಾಟು ಮುಚ್ಚಿದ್ದಳು. ನಾನು ಎದ್ದು ಹೋಗಿ ತೆಗೆದಿಟ್ಟೆ.

"ಯಾಕ್ರಿ ಅತ್ತಿ? ಹಲ್ಲಿ ಬೀಳ್ತದ."

"ಬೀಳ್ಲಿ ಬಿಡವ್ವ," ಎಂದೆ. ಈಗ ತಡೆದು ನಿಲ್ಲಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲ, ಖಾಲಾ ಕೂಡ ಇಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಆದರೂ ಮುಚ್ಚಲು ನನಗೆ ಕೈ ಬರುವುದಿಲ್ಲ.