ಮಾವನ ದವಡೆ ಪರೀಕ್ಷೆ

ಜರಗನಹಳ್ಳಿಯಲ್ಲಿ ನಮ್ಮ ಮಾವನಿಗೆ ಒಂದು ಕಾಲಕ್ಕೆ ಹೊಲ ಇತ್ತು, ಈಗ ಬಾಡಿಗೆ ಮನೆಗಳಿವೆ. ಹೊಲ ಹೋದರೂ ಬರಿಗಾಲಲ್ಲಿ ಓಡಾಡುವ ಅಭ್ಯಾಸ ಹೋಗಿರಲಿಲ್ಲ. ಹಳೇ ದನದ ಕೊಟ್ಟಿಗೆ ಕೆಡವಿಸುತ್ತಿದ್ದ ದಿನ ಮೊಳೆಯೊಂದು ಅವರ ಅಂಗಾಲಿಗೆ ಆಳವಾಗಿ ನಾಟಿತು. ಅವರೇ ಕಿತ್ತು ಬಿಸಾಡಿ, ಅರಿಶಿನ ಮೆತ್ತಿಕೊಂಡರು.

“ಬನ್ನಿ ಮಾವ, ಟಿಟಿ ಹಾಕಿಸ್ಕೊಂಡು ಬರೋಣ,” ಅಂದೆ.

“ಮೊಳೆ ಚುಚ್ಚಿದ್ದು ಸಾಲ್ದೂಂತ ಸೂಜಿ ಬೇರೆ ಚುಚ್ಚಿಸ್ಕೋಬೇಕಾ? ಸಗಣೀಲೇ ಬೆಳೆದ ಕಾಲಮ್ಮ ಇದು.”

“ಧನುರ್ವಾಯು ಬಂದ್ರೆ ಮೊದಲು ದವಡೆ ಬಿಗಿಯುತ್ತಂತೆ. ಬಾಯಿ ತೆರೆಯೋಕೇ ಆಗಲ್ವಂತೆ.”

ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಿ ಕೇಳಿದರು: “ಎಷ್ಟು ದಿನ?”

ಮಾವ ನಕ್ಕರು. ಆದರೆ ಮಾತು ಒಳಗೆ ಇಳಿದಿತ್ತು. ಸಂಜೆ ಕನ್ನಡಿ ಮುಂದೆ ನಿಂತು ಬಾಯಿ ತೆರೆದು ಮುಚ್ಚಿ ನೋಡಿಕೊಂಡರು. ಮರುದಿನ ಸಾರಕ್ಕಿ ಮಾರ್ಕೆಟ್ಟಿನಿಂದ ಕಲ್ಲಿನಂಥ ಕೋಡುಬಳೆ ತಂದು, ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತರು. ಕಟುಂ ಅಂದಾಗಲೆಲ್ಲ ನನ್ನ ಕಡೆ ನೋಡಿ, ಗೆದ್ದವರ ಹಾಗೆ ತಲೆಯಾಡಿಸುತ್ತಿದ್ದರು.

ಅದರ ಮಾರನೇ ಬೆಳಿಗ್ಗೆ ಇಡ್ಲಿಗೆ ಬಾಯಿ ತೆರೆದವರು ಹಾಗೇ ನಿಲ್ಲಿಸಿದರು.

“ದವಡೆ ನೋಯ್ತಿದೆ. ಬಂತು ಅನ್ಸುತ್ತೆ. ಆಟೋ ಕರಿಯಮ್ಮ.”

ಮಾತು ನಿಲ್ಲುವುದರೊಳಗೆ ಎಲ್ಲ ಹೇಳಿಬಿಡಬೇಕೆಂದು, ಜೆ.ಪಿ. ನಗರದ ಕ್ಲಿನಿಕ್ ತಲುಪುವವರೆಗೂ ಅತ್ತೆಗೆ ಹೇಳುತ್ತಲೇ ಇದ್ದರು: ಯಾವ ಬಾಡಿಗೆಯವರು ಮೋಟಾರ್ ಆಫ್ ಮಾಡಲ್ಲ, ಸಂಪಿನ ಬೀಗದ ಕೀ ಎಲ್ಲಿದೆ, ತೆಂಗಿನಕಾಯಿ ಕೀಳಿಸುವಾಗ ಯಾರನ್ನು ನಂಬಬಾರದು. ಅತ್ತೆ ಹೊರಗೆ ನೋಡುತ್ತಿದ್ದರು.

ಡಾಕ್ಟರಮ್ಮ ಬಾಯಿ ತೆರೆಸಿ, ಕತ್ತು ಬಗ್ಗಿಸಿ, ಹೊಟ್ಟೆ ಒತ್ತಿ ನೋಡಿದರು.

“ನಿನ್ನೆ ಏನು ತಿಂದ್ರಿ?”

“ಒಂದು ಡಬ್ಬಿ ಕೋಡುಬಳೆ,” ಅಂದರು ಅತ್ತೆ.

“ಹಾಗಾದ್ರೆ ಇದು ಕೋಡುಬಳೆ ನೋವು. ಆದ್ರೆ ಧನುರ್ವಾಯು ಒಂದೆರಡು ವಾರ ಬಿಟ್ಟೂ ಬರಬಹುದು. ಬಂದ್ರೆ ಐಸಿಯು. ಸಣ್ಣ ಸದ್ದಿಗೂ ಮೈ ಬಿಲ್ಲಿನ ಹಾಗೆ ಸೆಟೆದುಕೊಳ್ಳುತ್ತೆ. ಹಿಂದೆ ಲಸಿಕೆ ಹಾಕ್ಸಿದ್ರಾ?”

“ದನಗಳಿಗೆ ಹಾಕ್ಸಿದ್ದೆ ಮೇಡಂ.”

ಡಾಕ್ಟರಮ್ಮ ಗ್ಲೌಸ್ ಹಾಕಿಕೊಂಡರು. ಆಮೇಲೆ ಅರಿಶಿನವನ್ನೆಲ್ಲ ತೊಳೆದು, ಗಾಯದೊಳಗಿನ ಕೊಳೆ ತೆಗೆದರು. ಮುಂದಕ್ಕೆ ಕಾಪಾಡಲು ಒಂದು ತೋಳಿಗೆ ಲಸಿಕೆ, ಈಗಲೇ ಕಾಪಾಡಲು ಇನ್ನೊಂದು ತೋಳಿಗೆ ಬೇರೆ ಇಂಜೆಕ್ಷನ್. ತಿಂಗಳು ಬಿಟ್ಟು ಒಂದು ಲಸಿಕೆ, ಅದಾಗಿ ಆರು ತಿಂಗಳಿಗೆ ಇನ್ನೊಂದು, ಆಮೇಲೆ ಹತ್ತು ವರ್ಷಕ್ಕೊಮ್ಮೆ ಎಂದರು.

ಎರಡೂ ತೋಳು ಹಿಡಿದುಕೊಂಡು ಎದ್ದ ಮಾವ ಹೆಂಡತಿ ಕಡೆ ತೋರಿಸಿದರು. “ಇವಳಿಗೂ ಹಾಕಿ ಮೇಡಂ. ದೊಡ್ಡವರಿಗೂ ಬೇಕಲ್ಲ.”

ಅತ್ತೆ ಸೆರಗು ಸರಿಸಿ ತೋಳು ಕೊಟ್ಟರು. ಸೂಜಿ ಇಳಿಯುವಾಗ ಅವರ ಮುಖ ಒಂದಿಷ್ಟೂ ಅಲುಗಲಿಲ್ಲ. ಮಾವ ಮಾತ್ರ ಗೋಡೆಗೆ ತಿರುಗಿ ಕಣ್ಣು ಮುಚ್ಚಿಕೊಂಡಿದ್ದರು.